ಕಾಲುದಾರಿ ಬಿದ್ದ ಕಡೆಯೇ ದಾರಿ ಮಾಡಿದೆವು

ನಮ್ಮ ಮನೆಗೂ ಅಂಗಡಿ ಸಾಲಿಗೂ ನಡುವೆ ಒಂದು ಹಸಿರು ಜಾಗ ಇದೆ. ಮೂರು ಮೂಲೆಯ ತುಂಡು. ಒಂದು ಕಡೆ ಅಂಗಡಿಗಳು, ಒಂದು ಕಡೆ ಮನೆಗಳು, ಇನ್ನೊಂದು ಕಡೆ ರಸ್ತೆ. ಒಳಗೆ ನಾಲ್ಕು ದೊಡ್ಡ ಮರ, ಗೋಡೆಗೆ ಮುಖ ಮಾಡಿದ ಎರಡು ಸಿಮೆಂಟ್ ಬೆಂಚು, ಅಲ್ಲಲ್ಲಿ ಗರಿಕೆ. ಮಳೆ ಬಂದರೆ ನಡುವೆ ನೀರು ನಿಂತು ಕೆಸರಾಗುತ್ತಿತ್ತು. ಹದಿನೈದು ವರ್ಷದಿಂದ ನಾನು ದಿನಕ್ಕೆ ಎರಡು ಸಲ ಅದನ್ನು ದಾಟಿದ್ದೇನೆ. ಒಂದು ದಿನವೂ ಅಲ್ಲಿ ನಿಂತಿರಲಿಲ್ಲ.

ಆ ಜಾಗವನ್ನು ಅಭಿವೃದ್ಧಿ ಮಾಡುತ್ತಾರೆ ಎಂಬ ಸುದ್ದಿ ಮೊದಲು ತಂದವರು ಹೊಲಿಗೆ ಅಂಗಡಿಯ ಅಕ್ಕ. ಆಡಳಿತದ ಕಚೇರಿಯಲ್ಲಿ ನಕ್ಷೆ ಅಂಟಿಸಿದ್ದಾರೆ, ಹೋಗಿ ನೋಡಿ ಅಂದರು. ನೋಡಿದೆವು. ಸುತ್ತ ಕಬ್ಬಿಣದ ಗ್ರಿಲ್, ಒಳಗೆ ಹುಲ್ಲುಹಾಸು, ನಡುವೆ ಕಾರಂಜಿ. ಗೇಟು ಒಂದೇ, ಅದೂ ರಸ್ತೆಯ ಕಡೆಗೆ. ಅಂದರೆ ಮನೆ ಕಡೆಯಿಂದ ಅಂಗಡಿಗೆ ಹೋಗುವವರೆಲ್ಲ ಗ್ರಿಲ್ ಸುತ್ತಿಕೊಂಡು ರಸ್ತೆಯಲ್ಲೇ ನಡೆಯಬೇಕು.

ನಾವು ಐದಾರು ಜನ ಸೇರಿ ಅಲ್ಲಿನ ಎಂಜಿನಿಯರ್ ಹತ್ತಿರ ಮಾತಾಡಿದೆವು. ಅವರು ಸಿಟ್ಟಾಗಲಿಲ್ಲ. "ಇದು ಬೇಡ ಅಂತ ಹೇಳೋದು ಸುಲಭ. ಏನು ಬೇಕು ಅಂತ ನೀವೇ ಬರೆದು ತನ್ನಿ. ಕೆಲಸ ಶುರುವಾಗೋಕೆ ಇನ್ನೂ ಆರು ತಿಂಗಳಿದೆ" ಅಂದರು. ಮೆಟ್ಟಿಲಿಳಿಯುವಾಗ ನಮಗೆ ನಿಜವಾದ ತೊಂದರೆ ಗೊತ್ತಾಯಿತು. ಏನು ಬೇಕು ಅಂತ ನಮಗೂ ತಿಳಿದಿರಲಿಲ್ಲ.

ಮೊದಲ ಸಭೆಗೆ ಹನ್ನೊಂದು ಜನ ಬಂದರು. ಸಂಜೆ ಏಳಕ್ಕೆ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ. ನಾನು ಬರೆದುಕೊಳ್ಳಲು ಕೂತೆ. ಒಬ್ಬರಿಗೆ ಕಾರಂಜಿ ಇರಲಿ ಅಂತ ಆಸೆ. ಇನ್ನೊಬ್ಬರಿಗೆ ವ್ಯಾಯಾಮದ ಸಲಕರಣೆ. ಜಾರುಬಂಡಿ, ಗಡಿಯಾರದ ಕಂಬ, ಗುಲಾಬಿ ಪಾತಿ, ಕ್ಯಾಮೆರಾ, ಪಾರ್ಕಿಂಗ್. ಒಂದೂವರೆ ಗಂಟೆಯಲ್ಲಿ ಎರಡು ಪುಟ ತುಂಬಿತು. ಅಷ್ಟನ್ನೂ ಇಡಬೇಕಾದರೆ ಅಂಥ ನಾಲ್ಕು ಜಾಗ ಬೇಕಿತ್ತು.

ಮೂಲೆಯಲ್ಲಿ ಕೂತಿದ್ದ ನಿವೃತ್ತ ಸರ್ವೇಯರ್ ಒಬ್ಬರು ಕೊನೆಗೆ ಬಾಯಿ ಬಿಟ್ಟರು. "ಏನೇನು ಇಡಬೇಕು ಅಂತ ಎಲ್ರೂ ಹೇಳಿದ್ರಿ. ಅಲ್ಲಿ ಈಗ ಯಾರು ಏನು ಮಾಡ್ತಿದ್ದಾರೆ ಅಂತ ಒಬ್ರಾದ್ರೂ ನೋಡಿದ್ದೀರಾ?" ಯಾರೂ ಮಾತಾಡಲಿಲ್ಲ. ಅವರು ನನ್ನ ಕೈಯಲ್ಲಿದ್ದ ಪಟ್ಟಿಯ ಕಡೆ ನೋಡಿ, "ಅಳೆಯದೆ ಗೆರೆ ಹಾಕಬಾರದು ಕಣಮ್ಮ" ಅಂದರು.

ಹಾಗೆ ಶುರುವಾಯಿತು ನಮ್ಮ ಎಣಿಕೆ.

ಇದು ನಾವು ಕಂಡುಹಿಡಿದ ವಿದ್ಯೆ ಅಲ್ಲ. 1970ರ ದಶಕದಲ್ಲಿ ವಿಲಿಯಂ ಎಚ್. ವೈಟ್ ಎಂಬವರು ತಮ್ಮ ತಂಡದ ಜೊತೆ ನ್ಯೂಯಾರ್ಕಿನ ಸಣ್ಣ ಸಣ್ಣ ಚೌಕಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ನಿಲ್ಲುತ್ತಾರೆ, ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ ಅಂತ ವರ್ಷಗಟ್ಟಲೆ ನೋಡಿದ್ದರು. ಅವರಿಗೆ ಸಿಕ್ಕ ಉತ್ತರ ತುಂಬ ಸರಳ. ಕೂರಲು ಜಾಗ ಇರುವ ಕಡೆ ಜನ ಕೂರುತ್ತಾರೆ. ಬೇರೆ ಜನ ಇರುವ ಕಡೆಗೇ ಜನ ಬರುತ್ತಾರೆ. ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಚೆನ್ನಾಗಿ ನಡೆಯುವ ಜಾಗಗಳಲ್ಲಿ ಹೆಂಗಸರ ಪಾಲು ಉಳಿದ ಕಡೆಗಿಂತ ಜಾಸ್ತಿ ಇರುತ್ತದೆ. ಎಲ್ಲಿ ಕೂರಬೇಕು ಅಂತ ಹೆಂಗಸರು ಹೆಚ್ಚು ಯೋಚಿಸಿ ಆರಿಸಿಕೊಳ್ಳುತ್ತಾರೆ. ಹಾಗಾಗಿ ಅವರು ಇಲ್ಲ ಅಂದರೆ ಆ ಜಾಗದಲ್ಲಿ ಏನೋ ಸರಿ ಇಲ್ಲ ಅಂತ.

ಕ್ಯಾಮೆರಾ ನಮಗೆ ಬೇಡ ಅನಿಸಿತು. ನೆರೆಹೊರೆಯವರನ್ನು ಕೇಳದೆ ಚಿತ್ರ ತೆಗೆಯುವುದು ತಪ್ಪು. ಸರ್ವೇಯರ್ ತಾತ ಒಂದು ಹಾಳೆಯಲ್ಲಿ ಜಾಗದ ನಕ್ಷೆ ಬರೆದುಕೊಟ್ಟರು. ಅದರ ಇಪ್ಪತ್ತು ಪ್ರತಿ ಮಾಡಿಸಿದೆವು. ಸರದಿ ಹಾಕಿಕೊಂಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಹತ್ತು ಹತ್ತು ನಿಮಿಷ ನಿಂತು ನೋಡುವುದು. ನಿಂತವರಿಗೆ ಚುಕ್ಕೆ, ಕೂತವರಿಗೆ ಸೊನ್ನೆ, ನಡೆದವರಿಗೆ ಗೆರೆ. ಮಗುವೋ ದೊಡ್ಡವರೋ ವಯಸ್ಸಾದವರೋ, ಹೆಂಗಸೋ ಗಂಡಸೋ, ಅಷ್ಟೇ. ಯಾರ ಹೆಸರೂ ಬರೆಯುವಂತಿಲ್ಲ. ಎರಡು ವಾರ, ಭಾನುವಾರವೂ ಸೇರಿ.

ಮೂರನೇ ದಿನಕ್ಕೇ ನನ್ನ ಕಣ್ಣು ಬದಲಾಯಿತು. ಬೆಂಚಿನ ಮೇಲೆ ಯಾರೂ ಕೂರುತ್ತಿರಲಿಲ್ಲ. ಕೂರುವವರು ಅಂಗಡಿ ಕಡೆಯ ಅಂಚುಗಲ್ಲಿನ ಮೇಲೆ, ಮರದ ಬೇರಿನ ಮೇಲೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬೆಂಚಿಗೆ ಹೋಗಿ ನಾನೇ ಕೂತು ನೋಡಿದೆ. ಎದುರಿಗೆ ಗೋಡೆ, ಬೆನ್ನ ಹಿಂದೆ ಓಡಾಡುವ ಜನ. ಎರಡು ನಿಮಿಷಕ್ಕೆ ಕತ್ತಿನ ಹಿಂದೆ ಯಾರೋ ನಿಂತ ಹಾಗಾಯಿತು. ಮಕ್ಕಳು ಆಡುತ್ತಿದ್ದದ್ದು ಚರಂಡಿ ಮೇಲಿನ ಚಪ್ಪಡಿಯ ಹತ್ತಿರ. ಇಡೀ ಜಾಗದಲ್ಲಿ ಸಮತಟ್ಟಾಗಿ, ಒಣಗಿಕೊಂಡಿದ್ದ ನೆಲ ಅದೊಂದೇ. ಸಂಜೆ ದೀಪ ಹತ್ತಿದ ಮೇಲೆ ಹಾಳೆಯಲ್ಲಿ ಹೆಂಗಸರ ಚುಕ್ಕೆಗಳು ಕಾಣೆಯಾಗುತ್ತಿದ್ದವು. ಬರೀ ಗೆರೆಗಳು, ಅವೂ ಜೋರು ನಡಿಗೆಯ ನೇರ ಗೆರೆಗಳು.

ಗೆರೆಗಳ ವಿಷಯಕ್ಕೆ ಬಂದರೆ, ಎರಡು ವಾರದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಎರಡು ದಪ್ಪ ದಾರಿ ಎದ್ದು ಕಂಡವು. ಒಂದು ಮನೆಗಳ ಮೂಲೆಯಿಂದ ಔಷಧಿ ಅಂಗಡಿಗೆ. ಇನ್ನೊಂದು ರಸ್ತೆಯಿಂದ ಸೈಕಲ್ ರಿಪೇರಿ ಅಂಗಡಿಗೆ. ಜಾಗಕ್ಕೆ ಹೋಗಿ ನೋಡಿದರೆ ಅದೇ ಎರಡು ಕಡೆ ಗರಿಕೆ ಸವೆದು ಕಾಲುದಾರಿ ಬಿದ್ದಿತ್ತು. ಹದಿನೈದು ವರ್ಷ ನಾನೂ ಅದರ ಮೇಲೆಯೇ ನಡೆದಿದ್ದೆ. ಕಚೇರಿಯ ನಕ್ಷೆಯಲ್ಲಿ ಆ ಎರಡೂ ಇರಲಿಲ್ಲ. ಒಂದರ ಮೇಲೆ ಕಾರಂಜಿ ಕೂತಿತ್ತು.

ಇನ್ನೊಂದು ಹಾಳೆಯನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಒಂದೇ ಗೆರೆಯ ಮೇಲೆ ಮೂರು ಚುಕ್ಕೆ. ಬೆಳಿಗ್ಗೆ ಒಬ್ಬ ಅಜ್ಜಿ ಕೈಚೀಲ ಹಿಡಿದುಕೊಂಡು ಔಷಧಿ ಅಂಗಡಿಯಿಂದ ವಾಪಸು ಬರುತ್ತಿದ್ದರು. ಮೂರು ಸಲ ನಿಂತರು. ಮೊದಲನೇ ಸಲ ಮರಕ್ಕೆ ಕೈ ಊರಿ. ಎರಡನೇ ಸಲ ಸುಮ್ನೆ, ಏನನ್ನೂ ಹಿಡಿಯದೆ, ಚೀಲವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು. ಮೂರನೇ ಸಲ ನಮ್ಮ ಗೇಟಿನ ಕಂಬ ಹಿಡಿದು. ಅವರಿಗೆ ಬೇಕಾದದ್ದು ಏನು ಅಂತ ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ. ಅವರು ಸಭೆಗೆ ಬಂದಿರಲೂ ಇಲ್ಲ. ಮಹಡಿ ಹತ್ತುವುದು ಅವರಿಂದ ಆಗುತ್ತಿತ್ತಾ?

ಇದು ನನ್ನನ್ನು ಬಹಳ ಕಾಡಿತು. ಹನ್ನೊಂದು ಜನ ಸೇರಿ "ಸಮುದಾಯದ ಅಭಿಪ್ರಾಯ" ಅಂತ ಬರೆದುಕೊಡಲು ಹೊರಟಿದ್ದೆವು. 1969ರಲ್ಲಿ ಶೆರಿ ಆರ್ನ್‌ಸ್ಟೈನ್ ಎಂಬ ಅಮೆರಿಕದ ಮಹಿಳೆ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಗೆ ಹೋಲಿಸಿ ಒಂದು ಲೇಖನ ಬರೆದರು. ಕೆಳಗಿನ ಮೆಟ್ಟಿಲಲ್ಲಿ ಜನರನ್ನು ಬರೀ ಸಹಿಗೆ ಬಳಸಿಕೊಳ್ಳುತ್ತಾರೆ. ನಡುವೆ ಮಾಹಿತಿ ಕೊಡುತ್ತಾರೆ, ಅಭಿಪ್ರಾಯ ಕೇಳುತ್ತಾರೆ, ತೀರ್ಮಾನ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಮೇಲಿನ ಮೆಟ್ಟಿಲಲ್ಲಿ ತೀರ್ಮಾನವೇ ಜನರ ಕೈಗೆ ಬರುತ್ತದೆ. ಅದನ್ನು ಓದಿದಾಗ ಆಡಳಿತದವರು ನಮ್ಮನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಿದ್ದಾರೆ ಅಂತ ಮೊದಲು ಯೋಚಿಸಿದೆ. ಆಮೇಲೆ, ನಾವು ಆ ಅಜ್ಜಿಯನ್ನು ಎಲ್ಲಿ ನಿಲ್ಲಿಸಿದ್ದೇವೆ ಅಂತ.

ಮುಂದಿನ ಸುತ್ತಿಗೆ ಸಭೆ ಕರೆಯಲಿಲ್ಲ. ನಕ್ಷೆಯನ್ನು ದೊಡ್ಡದಾಗಿ ಬರೆದು, ಹಲಗೆಗೆ ಅಂಟಿಸಿ, ಮರದ ಕೆಳಗೆ ಇಟ್ಟೆವು. ಜನ ಯಾವಾಗ ಬರುತ್ತಾರೆ ಅಂತ ಎಣಿಕೆಯಿಂದ ಗೊತ್ತಿತ್ತಲ್ಲ, ಆ ಹೊತ್ತಿಗೇ ಹೋದೆವು. ಶಾಲೆ ಬಿಡುವ ಹೊತ್ತು, ಅಂಗಡಿಗೆ ಸರಕು ಇಳಿಯುವ ಹೊತ್ತು, ರಾತ್ರಿ ಬಾಗಿಲು ಹಾಕುವ ಹೊತ್ತು. ಕೇಳಿದ್ದು ಎರಡೇ ಪ್ರಶ್ನೆ. ಇಲ್ಲಿ ನೀವು ಏನು ಮಾಡ್ತೀರಿ? ಏನು ಮಾಡೋಕೆ ಆಗ್ತಿಲ್ಲ?

ಬಂದ ಉತ್ತರಗಳು ಎರಡು ಪುಟದ ಆ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ಬೆಳಿಗ್ಗೆ ಗುಡಿಸಲು ಬರುವ ಅಮ್ಮ ನಕ್ಷೆಯನ್ನು ತುಂಬ ಹೊತ್ತು ನೋಡಿದರು. ನಾವು ಮರದ ಕೆಳಗೆ ಜಲ್ಲಿ ಹಾಸುವುದು ಅಂತ ಗುರುತು ಹಾಕಿದ್ದೆವು. "ಜಲ್ಲಿ ಮೇಲೆ ಎಲೆ ಬಿದ್ರೆ ಪೊರಕೆಗೆ ಬರಲ್ಲ ಅಕ್ಕ. ಕೈಯಲ್ಲಿ ಒಂದೊಂದೇ ಆರಿಸ್ಬೇಕು" ಅಂದರು. ನಾಲ್ಕು ದೊಡ್ಡ ಮರ, ವರ್ಷವಿಡೀ ಎಲೆ. ಅಂದೇ ಜಲ್ಲಿ ಅಳಿಸಿದೆವು. ಎಲೆಯನ್ನು ಅಲ್ಲೇ ಬುಡದ ಸುತ್ತ ಹೊದಿಕೆಯಾಗಿ ಬಿಡೋಣ, ದಾರಿ ಮೇಲೆ ಬಿದ್ದದ್ದನ್ನಷ್ಟೇ ಗುಡಿಸಿ ಆ ಹೊದಿಕೆಗೇ ಸೇರಿಸಿದರಾಯಿತು ಅಂತ ಅವರೇ ದಾರಿ ತೋರಿಸಿದರು. ಹೊದಿಕೆ ಕಾಂಡಕ್ಕೆ ತಾಗಬಾರದು, ಒಂದು ಗೇಣು ಬಿಡಬೇಕು, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಇದನ್ನು ನಾವು ಆಮೇಲೆ ಓದಿ ತಿಳಿದುಕೊಂಡೆವು. ಅವರಿಗೆ ಮೊದಲೇ ಗೊತ್ತಿತ್ತು.

ವೀಲ್‌ಚೇರಿನಲ್ಲಿ ಓಡಾಡುವ ಯುವಕನೊಬ್ಬ ತಾನು ಈ ಜಾಗದೊಳಗೆ ಒಂದು ಸಲವೂ ಬಂದಿಲ್ಲ ಅಂದ. ಅಂಚುಗಲ್ಲು ಒಂದೇ ಕಾರಣ. ಅವನು ಎರಡು ಅಳತೆ ಬರೆಸಿದ. ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿಕೆಗಿಂತ ಕಡಿದಾಗಿರಬಾರದು. ತಿರುಗಿಸಿಕೊಳ್ಳಲು ಒಂದೂವರೆ ಮೀಟರ್ ಅಗಲದ ಸಮತಟ್ಟು ನೆಲ ಬೇಕು. "ಬೆಂಚಿನ ಪಕ್ಕದಲ್ಲೂ ನನ್ನ ಗಾಲಿ ನಿಲ್ಲೋಷ್ಟು ಜಾಗ ಬಿಡಿ. ಗೆಳೆಯರ ಜೊತೆ ಬಂದ್ರೆ ನಾನು ದಾರಿ ನಡುವೆ ನಿಲ್ಲಬೇಕಾಗುತ್ತೆ, ಅಲ್ವಾ?" ಅಂದ. ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

ಅಜ್ಜಿಯನ್ನು ನಾನೇ ಮಾತಾಡಿಸಿದೆ. ಬೆಂಚು ಎಲ್ಲಿದ್ದರೆ ಅನುಕೂಲ ಅಂತ ಕೇಳಿದೆ. ಅವರು ನಕ್ಷೆ ನೋಡಲಿಲ್ಲ. ನನ್ನ ಕೈ ಹಿಡಿದುಕೊಂಡು ನಡೆದೇ ತೋರಿಸಿದರು. ಇಲ್ಲಿ ಒಂದು, ಅಲ್ಲಿ ಒಂದು. "ಕೈ ಇರೋ ಬೆಂಚು ಹಾಕ್ಸಮ್ಮ. ಕೂತ್ಕೊಳ್ಳೋದು ಸುಲಭ. ಏಳೋದೇ ಕಷ್ಟ." ಬೆಂಚಿನ ಎತ್ತರ 45 ಸೆಂಟಿಮೀಟರ್ ಅಂತ ಆಮೇಲೆ ಬರೆದೆವು. ಅದಕ್ಕಿಂತ ತಗ್ಗಾದರೆ ಮಂಡಿ ನೋವಿರುವವರು ಏಳಲಾರರು.

ಜಗಳ ಆಗಿದ್ದು ಅಂಗಡಿಯವರ ಜೊತೆ. ಅದು ಜಗಳ ಅನ್ನುವುದಕ್ಕಿಂತ ಭಯ ಅಂತ ಈಗ ಅನಿಸುತ್ತದೆ. ಜಾಗದ ಅಂಗಡಿ ಕಡೆಯ ಅಂಚಿನಲ್ಲಿ ಗಾಡಿಗಳು ಹತ್ತಿ ನಿಲ್ಲುತ್ತಿದ್ದವು. ಅದನ್ನು ತಡೆದು ಅಲ್ಲಿ ಕೂರುವ ಕಟ್ಟೆ ಮಾಡೋಣ ಅಂದಾಗ, ನಾಲ್ಕು ಅಂಗಡಿಯವರು ಒಟ್ಟಿಗೇ ಬೇಡ ಅಂದರು. ಗಾಡಿ ನಿಲ್ಲಿಸೋಕೆ ಆಗದಿದ್ದರೆ ಗಿರಾಕಿ ಬರಲ್ಲ, ಕಟ್ಟೆ ಮಾಡಿದರೆ ಕೆಲಸ ಇಲ್ಲದವರು ಬಂದು ಕೂರುತ್ತಾರೆ ಅಂತ. ನಾನು ಡೆನ್ಮಾರ್ಕಿನ ಕೋಪನ್‌ಹೇಗನ್ನಿನ ಸ್ಟ್ರೋಯೆಟ್ ಬೀದಿಯ ಕಥೆ ಹೇಳಿದೆ. 1962ರಲ್ಲಿ ಅಲ್ಲಿ ವಾಹನಗಳ ಓಡಾಟ ತಡೆದು ಬೀದಿಯನ್ನು ನಡೆಯುವವರಿಗೆ ಬಿಟ್ಟಾಗ ಅಲ್ಲಿನ ವ್ಯಾಪಾರಿಗಳಿಗೂ ಇದೇ ಹೆದರಿಕೆ ಇತ್ತು, ಈಗ ಅದು ಆ ಊರಿನಲ್ಲೇ ಹೆಚ್ಚು ಜನ ಓಡಾಡುವ ಅಂಗಡಿ ಬೀದಿ. ಔಷಧಿ ಅಂಗಡಿಯವರು ಪೂರ್ತಿ ಕೇಳಿದರು. "ಆಯ್ತು ಅಕ್ಕ, ಅದು ಅಲ್ಲಿ. ನನ್ನ ಬಾಡಿಗೆ ಇಲ್ಲಿ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಬೇರೆ ಊರಿನ ಕಥೆ ಒಬ್ಬರ ಜೀವನದ ಮೇಲೆ ಪ್ರಯೋಗ ಮಾಡಲು ಸಾಕಾಗುವುದಿಲ್ಲ.

ಅದಕ್ಕೆ ಅವರನ್ನೇ ಎಣಿಸಲು ಕೇಳಿಕೊಂಡೆವು. ಒಂದು ವಾರ, ಬಂದ ಪ್ರತಿ ಗಿರಾಕಿ ನಡೆದು ಬಂದರಾ, ಗಾಡಿಯಲ್ಲಿ ಬಂದರಾ, ಒಂದು ಗೀಟು ಹಾಕಿ ಸಾಕು ಅಂತ. ಇಬ್ಬರು ಒಪ್ಪಿದರು. ವಾರದ ಕೊನೆಗೆ ನಡೆದು ಬಂದವರ ಗೀಟುಗಳೇ ಎದ್ದು ಕಾಣುವಷ್ಟು ಜಾಸ್ತಿ ಇದ್ದವು. ಬೆಳಿಗ್ಗೆಯಿಂದ ರಾತ್ರಿವರೆಗೆ ಕದಲದೆ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ಅಂಗಡಿಯವರ ಸ್ವಂತದ್ದೇ. ಅದು ಅವರಿಗೇ ಕಂಡಿತು, ನಾವು ಏನೂ ಹೇಳಬೇಕಾಗಲಿಲ್ಲ.

ಆದರೆ ನಮ್ಮದೂ ಒಂದು ತಪ್ಪಿತ್ತು. ಸರಕು ಇಳಿಸುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೂಟೆ ಹೊರುವ ಅಣ್ಣಂದಿರು ದೂರದಿಂದ ಹೊತ್ತು ತರಬೇಕಾಗುತ್ತಿತ್ತು. ಕೊನೆಗೆ ಸೈಕಲ್ ಅಂಗಡಿಯ ಕಡೆ ಒಂದು ಮೂಲೆಯನ್ನು ಗಟ್ಟಿ ನೆಲ ಮಾಡಿ ಸರಕು ಗಾಡಿಗೆ ಬಿಟ್ಟೆವು. ಸರಕು ಇಲ್ಲದ ಹೊತ್ತಿನಲ್ಲಿ ಮಕ್ಕಳು ಅಲ್ಲೇ ಚಕ್ರದ ಬೂಟು ಹಾಕಿಕೊಂಡು ಆಡುತ್ತಾರೆ.

ಇಷ್ಟಾದರೂ ಯಾರಿಗೂ ಪೂರ್ತಿ ನಂಬಿಕೆ ಇರಲಿಲ್ಲ. ಸಿಮೆಂಟ್ ಹಾಕಿದ ಮೇಲೆ ತಪ್ಪು ಅಂತ ಗೊತ್ತಾದರೆ? ಒಮ್ಮೆ ಸುಮ್ನೆ ಮಾಡಿ ನೋಡೋಣ ಅಂದವರು ಹೊಲಿಗೆ ಅಕ್ಕ. ಬಟ್ಟೆ ಕತ್ತರಿಸುವ ಮುಂಚೆ ಸೀಮೆಸುಣ್ಣದಲ್ಲಿ ಗುರುತು ಹಾಕೋದಿಲ್ವಾ, ಹಾಗೆ. ಎರಡು ವಾರದ ಅನುಮತಿ ಪಡೆದೆವು. ಸುಣ್ಣದ ಪುಡಿಯಿಂದ ದಾರಿಗಳನ್ನು ಬರೆದೆವು. ಗಾಡಿ ನಿಲ್ಲುವ ಅಂಚಿಗೆ ಹಗ್ಗ ಕಟ್ಟಿದೆವು. ಮನೆಮನೆಯಿಂದ ಹಳೇ ಕುರ್ಚಿಗಳನ್ನು ತಂದೆವು, ಇಪ್ಪತ್ತು. ಎಲ್ಲಿ ಬೇಕಾದರೂ ಎಳೆದುಕೊಂಡು ಕೂರಿ ಅಂತ ಹಲಗೆ ಬರೆದಿಟ್ಟೆವು.

ಆ ಎರಡು ವಾರ ನನ್ನ ಜೀವನದ ಒಳ್ಳೆಯ ದಿನಗಳಲ್ಲಿ ಸೇರಿವೆ. ದಿನಾ ಸಂಜೆ ಕುರ್ಚಿಗಳು ಎಲ್ಲಿ ಉಳಿದಿವೆ ಅಂತ ನೋಡಲು ಹೋಗುತ್ತಿದ್ದೆ. ನಾವು ಸಾಲಾಗಿ ಇಟ್ಟದ್ದು ಒಂದು ದಿನವೂ ಸಾಲಾಗಿ ಉಳಿಯಲಿಲ್ಲ. ಎರಡು ಕುರ್ಚಿ ಎದುರುಬದುರು, ಮೂರು ಕುರ್ಚಿ ಗುಂಪಾಗಿ, ಒಂದು ಕುರ್ಚಿ ದೂರದ ಮರಕ್ಕೆ ಒರಗಿಕೊಂಡು. ಬೆಳಿಗ್ಗೆ ಅವು ಬಿಸಿಲಿಗೆ ಬರುತ್ತಿದ್ದವು, ಮಧ್ಯಾಹ್ನ ನೆರಳಿನ ಹಿಂದೆ ಹೋಗುತ್ತಿದ್ದವು. ಬಹಳ ಜನ ಕೂರುವ ಮುಂಚೆ ಕುರ್ಚಿಯನ್ನು ಒಂದು ಗೇಣು ಅತ್ತಿತ್ತ ಸರಿಸುತ್ತಾರೆ, ಅಗತ್ಯ ಇಲ್ಲದಿದ್ದರೂ. ವೈಟ್ ಅವರೂ ಇದನ್ನು ಗಮನಿಸಿದ್ದರು. ಆ ಗೇಣಿನಷ್ಟು ಸರಿಸುವಿಕೆಯಲ್ಲಿ ಜಾಗ ಅವರದ್ದಾಗುತ್ತದೆ ಅಂತ ನನಗೆ ಅನಿಸುತ್ತದೆ. ಎರಡು ಕುರ್ಚಿ ಕಾಣೆಯಾದವು. ಒಂದು ವಾಪಸು ಬಂತು.

ಕುರ್ಚಿಗಳ ಜೊತೆಗೇ ಇನ್ನೊಂದು ಬದಲಾವಣೆ ಆಯಿತು. ರಸ್ತೆ ಕಡೆ ಎದೆಮಟ್ಟ ಬೆಳೆದ ಪೊದೆಗಳನ್ನು ಮೊಣಕಾಲ ಎತ್ತರಕ್ಕೆ ಸವರಿದೆವು. ತಲೆಗೆ ತಾಗುವ ಕೊಂಬೆಗಳನ್ನು ಮಾತ್ರ ತೆಗೆದೆವು. ಆಗ ಅಂಗಡಿಯಿಂದ ಮನೆಗಳವರೆಗೆ ಕಣ್ಣು ಅಡ್ಡಿಯಿಲ್ಲದೆ ಹಾಯಿತು. ಬ್ರಯಂಟ್ ಪಾರ್ಕ್ ಅಂತ ನ್ಯೂಯಾರ್ಕಿನಲ್ಲಿ ಒಂದು ಉದ್ಯಾನ ಇದೆ. ಒಂದು ಕಾಲಕ್ಕೆ ಜನ ಒಳಗೆ ಕಾಲಿಡಲು ಹೆದರುತ್ತಿದ್ದರು. ರಸ್ತೆಯಿಂದ ಒಳಗಿನದ್ದು ಕಾಣದಂತೆ ಬೇಲಿ, ಪೊದೆ ಎಲ್ಲ ಬೆಳೆದಿದ್ದವು. ಅವುಗಳನ್ನು ತೆಗೆದು, ಬಾಗಿಲು ಹೆಚ್ಚಿಸಿ, ಸರಿಸುವ ಕುರ್ಚಿ ಇಟ್ಟು 1992ರಲ್ಲಿ ಮತ್ತೆ ತೆರೆದ ಮೇಲೆ ಅದರ ಸ್ಥಿತಿಯೇ ಬದಲಾಯಿತು. ನಮ್ಮದು ಅದರ ಮುಂದೆ ಅಂಗೈಯಷ್ಟು. ಆದರೂ ಎರಡನೇ ವಾರ ದೀಪ ಹತ್ತಿದ ಮೇಲೂ ಹಾಳೆಯಲ್ಲಿ ಹೆಂಗಸರ ಸೊನ್ನೆಗಳು ಕಂಡವು. ಮೊದಲ ಸೊನ್ನೆಗಳಲ್ಲಿ ಒಂದು ಹೊಲಿಗೆ ಅಕ್ಕ, ಇನ್ನೊಂದು ನಾನು.

ಪ್ರಯೋಗ ಮುಗಿದ ದಿನ ಹಗ್ಗ ಬಿಚ್ಚಲು ಹೋದಾಗ ಔಷಧಿ ಅಂಗಡಿಯವರು, "ಇರಲಿ ಬಿಡಿ ಅಕ್ಕ, ಯಾಕೆ ಬಿಚ್ತೀರಿ" ಅಂದರು.

ಕಾಗದದ ಕೆಲಸ, ಸಹಿ, ಓಡಾಟದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ನಮ್ಮ ಹಾಳೆಗಳನ್ನೂ ಪ್ರಯೋಗದ ಚಿತ್ರಗಳನ್ನೂ ನೋಡಿದ ಎಂಜಿನಿಯರ್ ಹಳೇ ನಕ್ಷೆಯನ್ನು ಬದಿಗಿಟ್ಟರು. ಗ್ರಿಲ್ಲಿಗೂ ಕಾರಂಜಿಗೂ ಇಟ್ಟಿದ್ದ ದುಡ್ಡಿನಲ್ಲೇ ದಾರಿ, ಬೆಂಚು, ದೀಪ ಎಲ್ಲ ಆಗುತ್ತದೆ ಅಂತ ಅವರೇ ಲೆಕ್ಕ ಹಾಕಿದರು. ನೀರು ಹಾಕುವುದು, ಕಳೆ ಕೀಳುವುದು ಯಾರು ಅಂತ ಬರೆದುಕೊಡಿ ಅಂದರು. ಅದು ಸರಿಯಾದ ಪ್ರಶ್ನೆ. ಗಿಡ ನೆಡುವ ದಿನ ಎಲ್ಲರೂ ಇರುತ್ತಾರೆ, ಎರಡನೇ ಬೇಸಿಗೆಯಲ್ಲಿ ಯಾರೂ ಇರುವುದಿಲ್ಲ. ಹದಿನಾಲ್ಕು ಮನೆ, ಐದು ಅಂಗಡಿ ಸರದಿಗೆ ಸಹಿ ಹಾಕಿದವು.

ನೆಲದ ಬಗ್ಗೆ ಮಾತ್ರ ಬರೆಯಲೇಬೇಕು.

ನೀರು ನಿಲ್ಲುವುದಕ್ಕೆ ಮಣ್ಣು ತುಂಬಿ ಎತ್ತರ ಮಾಡುವುದೇ ಪರಿಹಾರ ಅಂತ ಎಲ್ಲರೂ ಅಂದುಕೊಂಡಿದ್ದೆವು. ಸರ್ವೇಯರ್ ತಾತ ಮೊದಲು ಪರೀಕ್ಷೆ ಮಾಡಿಸಿದರು. ಮೂರು ಕಡೆ 30 ಸೆಂಟಿಮೀಟರ್ ಆಳದ ಗುಂಡಿ ತೆಗೆದು, ನೀರು ತುಂಬಿ, ಒಮ್ಮೆ ಇಂಗಲು ಬಿಟ್ಟು, ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಕಡ್ಡಿಯಲ್ಲಿ ಅಳೆದೆವು. ಮರದ ಹತ್ತಿರದ್ದು ಬೇಗ ಇಂಗಿತು. ಗಾಡಿ ನಿಲ್ಲುತ್ತಿದ್ದ ಅಂಚಿನದ್ದು ಸಂಜೆಯಾದರೂ ಹಾಗೇ ಇತ್ತು. ವರ್ಷಗಟ್ಟಲೆ ಚಕ್ರದ ಭಾರಕ್ಕೆ ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಅದರ ಮೇಲೆ ಅಂಗಡಿಗಳ ಮಾಳಿಗೆಯ ಕೊಳವೆ ನೀರು ಬಂದು ಬೀಳುತ್ತಿತ್ತು. ಕೆಸರಿನ ಮೂಲ ಅದು.

ಆ ಅಂಚಿನಲ್ಲಿ ಮಣ್ಣು ಅಗೆದು ಸಡಿಲ ಮಾಡಿ, ಎಲೆಗೊಬ್ಬರ ಬೆರೆಸಿ, ತಟ್ಟೆಯ ಹಾಗೆ ತಗ್ಗು ಮಾಡಿದೆವು. ಕೊಳವೆ ನೀರು ಈಗ ಅದಕ್ಕೆ ಬರುತ್ತದೆ, ತುಂಬಿದರೆ ಚರಂಡಿಗೆ ಹರಿಯುತ್ತದೆ. ಒಣಗಿದರೂ ನೀರು ನಿಂತರೂ ತಡೆಯುವ ಗಿಡಗಳನ್ನು ನೆಟ್ಟೆವು. ಸೊಳ್ಳೆ ಆಗುತ್ತದೆ ಅಂತ ಕೆಲವರು ಹೆದರಿದರು. ಹೆದರಿಕೆ ಸರಿಯಾದದ್ದೇ. ಮೊಟ್ಟೆಯಿಂದ ಸೊಳ್ಳೆ ಹಾರುವುದಕ್ಕೆ ಬೆಚ್ಚಗಿನ ದಿನಗಳಲ್ಲಿ ಸುಮಾರು ಒಂದು ವಾರ ಬೇಕು. ನೀರು ಎರಡು ದಿನದೊಳಗೆ ಇಂಗಿದರೆ ತೊಂದರೆ ಇಲ್ಲ. ಪ್ರತಿ ದೊಡ್ಡ ಮಳೆಯ ಮಾರನೇ ದಿನ ಯಾರಾದರೂ ಹೋಗಿ ನೋಡುತ್ತೇವೆ.

ಇಷ್ಟು ಎಚ್ಚರ ಇದ್ದೂ ಒಂದು ಕಡೆ ಎಡವಿದೆವು. ದಾರಿಯ ಅಂಚುಗಲ್ಲು ಕೂರಿಸಲು ಗುತ್ತಿಗೆದಾರರ ಕಡೆಯವರು ದೊಡ್ಡ ಮರದಿಂದ ಎರಡು ಮೀಟರ್ ದೂರದಲ್ಲಿ ಕಾಲುವೆ ತೆಗೆದರು. ನಕ್ಷೆಯಲ್ಲಿ ಗೆರೆ ಹಾಗೇ ಇತ್ತು. ನಾವೇ ಹಾಕಿದ್ದು. ಬೆಳಿಗ್ಗೆ ಹೋಗಿ ನೋಡುವಾಗ ಮುಂಗೈ ದಪ್ಪದ ಎರಡು ಬೇರು ಕತ್ತರಿಸಿ ಬಿದ್ದಿದ್ದವು. ಒಳಗಿನ ಬಿಳಿ ಇನ್ನೂ ಹಸಿ ಇತ್ತು. ಮರದ ಬೇರು ಆಳಕ್ಕೆ ಹೋಗುತ್ತದೆ ಅಂತ ನಾನು ನಂಬಿದ್ದೆ. ನಿಜವಾಗಿ ಹೆಚ್ಚಿನ ಬೇರು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ. ಕೊಂಬೆಗಳ ಹರವನ್ನೂ ದಾಟಿ ದೂರ ದೂರ ಹೋಗಿರುತ್ತದೆ. ಕೆಲಸ ನಿಲ್ಲಿಸಿದೆವು. ಮರದ ಸುತ್ತ ಅಗೆಯದೆ, ಇದ್ದ ನೆಲದ ಮೇಲೆಯೇ ನೀರು ಇಂಗುವ ಪದರ ಹಾಕಿ, ದಾರಿಯನ್ನು ಸ್ವಲ್ಪ ಎತ್ತರಿಸಿ ಹಾಯಿಸಿದೆವು. ಎರಡೂ ತುದಿಯಲ್ಲಿ ಇಳಿಜಾರು ಉದ್ದವಾಯಿತು, ಖರ್ಚು ಹೆಚ್ಚಾಯಿತು. ಆ ಮರದ ಒಂದು ಕಡೆಯ ಕೊಂಬೆ ಮುಂದಿನ ವರ್ಷ ತೆಳುವಾಗಿ ಚಿಗುರಿತು. ಈಗಲೂ ಅದನ್ನು ನೋಡಿದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಮಕ್ಕಳಿಗೆ ಏನು ಮಾಡಿದಿರಿ ಅಂತ ಬಹಳ ಜನ ಕೇಳುತ್ತಾರೆ. ಬಣ್ಣದ ಜಾರುಬಂಡಿ ಹಾಕಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮಿನಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಶುರು ಮಾಡಿ ಖಾಲಿ ಬಿದ್ದ ಸಣ್ಣ ಸಣ್ಣ ತುಂಡುಗಳಲ್ಲಿ 700ಕ್ಕೂ ಹೆಚ್ಚು ಆಟದ ಜಾಗ ಮಾಡಿದರು. ಮರಳಿನ ಗುಂಡಿ, ಜಿಗಿಯಲು ಕಲ್ಲು, ತಲೆಕೆಳಗಾಗಿ ಜೋತಾಡಲು ಬಗ್ಗಿಸಿದ ಕಂಬಿ. ಅಷ್ಟೇ. ಆಟ ಏನು ಅಂತ ಮಕ್ಕಳೇ ಕಂಡುಕೊಳ್ಳಬೇಕು. ನಾವೂ ಎತ್ತರ ಬೇರೆ ಬೇರೆ ಇರುವ ಒಂಬತ್ತು ದುಂಡು ಕಲ್ಲು ಕೂರಿಸಿದೆವು. ಮಕ್ಕಳು ಜಿಗಿಯುತ್ತಾರೆ, ದೊಡ್ಡವರು ಕೂರುತ್ತಾರೆ. ಅದರಲ್ಲಿ ಎರಡು ಅಂಗಡಿಯ ಬಾಗಿಲಿಗೆ ಕಾಣುವ ಹಾಗಿವೆ. ಅಂಗಡಿಯಲ್ಲಿ ಸರದಿಗೆ ನಿಂತ ಅಮ್ಮಂದಿರಿಗೆ ಮಗು ಕಾಣುತ್ತಿರಬೇಕು ಅಂತ ಒಂದು ಪುಟ್ಟ ಹುಡುಗಿ ಬರೆದ ಚಿತ್ರದಿಂದ ನಮಗೆ ತಿಳಿದಿತ್ತು. ಅವಳು ಚಿತ್ರದಲ್ಲಿ ತನ್ನನ್ನೂ ಅಮ್ಮನನ್ನೂ ಬರೆದು, ಇಬ್ಬರ ಕಣ್ಣಿನ ನಡುವೆ ಒಂದು ಗೆರೆ ಎಳೆದಿದ್ದಳು.

ಆಗದೆ ಉಳಿದ ಕೆಲಸಗಳೂ ಇವೆ. ಶೌಚಾಲಯ ಬೇಕು ಅಂತ ಸರಕು ಹೊರುವವರು, ಗುಡಿಸುವ ಅಮ್ಮ ಇಬ್ಬರೂ ಕೇಳಿದ್ದರು. ಅದಕ್ಕೆ ಜಾಗ ಸಿಗಲಿಲ್ಲ, ಒಪ್ಪಿಗೆಯೂ ಸಿಗಲಿಲ್ಲ. ಅವರು ಕೇಳಿದ್ದರಲ್ಲಿ ಅದೇ ದೊಡ್ಡದಾಗಿತ್ತು. ಬಿಟ್ಟಿಲ್ಲ, ಇನ್ನೂ ಕೇಳುತ್ತಿದ್ದೇವೆ. ಸರದಿಗೆ ಸಹಿ ಹಾಕಿದ ಹದಿನಾಲ್ಕು ಮನೆಯಲ್ಲಿ ಈಗ ಒಂಬತ್ತು ಮನೆಯವರು ಬರುತ್ತಾರೆ. ಅಂಗಡಿಯವರು ಐವರೂ ಬರುತ್ತಾರೆ.

ಒಂದು ವರ್ಷವಾದ ಮೇಲೆ ಅದೇ ಹಾಳೆ, ಅದೇ ಹೊತ್ತು, ಮತ್ತೆ ಎರಡು ವಾರ ಎಣಿಸಿದೆವು. ಅಜ್ಜಿ ಈಗ ಎರಡೇ ಸಲ ನಿಲ್ಲುತ್ತಾರೆ, ಎರಡು ಸಲವೂ ಕೂತು. ಎರಡನೇ ಬೆಂಚಿನಲ್ಲಿ ಇಪ್ಪತ್ತು ನಿಮಿಷ, ಕೆಲವು ದಿನ ಇನ್ನೂ ಜಾಸ್ತಿ. ವೀಲ್‌ಚೇರಿನ ಹುಡುಗ ಗೆಳೆಯರ ಜೊತೆ ಬೆಂಚಿನ ಪಕ್ಕದ ಜಾಗದಲ್ಲಿ ಇರುತ್ತಾನೆ. ದೀಪ ಹತ್ತಿದ ಮೇಲಿನ ಹಾಳೆಗಳಲ್ಲಿ ಚುಕ್ಕೆ, ಸೊನ್ನೆ ಎಲ್ಲ ಬೆರೆತಿವೆ.

ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದಾಗ ಹೊಸದೊಂದು ಗೆರೆ ಕಂಡಿತು. ಸೈಕಲ್ ಅಂಗಡಿಯ ಹತ್ತಿರ, ನಾವು ಚೆಂದ ಕಾಣಲಿ ಅಂತ ದಾರಿಯನ್ನು ಸ್ವಲ್ಪ ಬಾಗಿಸಿದ್ದೆವು. ಜನ ಬಾಗುತ್ತಿಲ್ಲ. ನೇರವಾಗಿ ಪಾತಿಯ ಮೂಲೆ ದಾಟುತ್ತಿದ್ದಾರೆ. ಹೋಗಿ ನೋಡಿದೆ. ಗಿಡಗಳ ನಡುವೆ ಒಂದು ಪಾದದಷ್ಟು ಅಗಲದ ಮಣ್ಣು ಆಗಲೇ ಸವೆದು ನುಣುಪಾಗಿದೆ. ಈ ಭಾನುವಾರ ಗುದ್ದಲಿ ತಗೊಂಡು ಬನ್ನಿ ಅಂತ ಎಲ್ಲರಿಗೂ ಹೇಳಿದ್ದೇವೆ. ಆರು ಗಿಡಗಳನ್ನು ಕಿತ್ತು ಆಚೆ ನೆಡಬೇಕು, ಅಲ್ಲಿಗೆ ಎರಡು ಚಪ್ಪಡಿ ಹಾಕಬೇಕು.